ಬಿಡಿ ಮೇಜಿನ ದುರಸ್ತಿ: ಸಾಮಗ್ರಿಯ ವಿವೇಚನೆ

ಈಚೆಗೆ ನಮ್ಮ ಚಿತ್ತವಾಡ್ಗಿಯ ಮನೆಗಳಿಗೂ ಮೇಜು, ಕಪಾಟುಗಳು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿ ಹಲಗೆಗಳಾಗಿ ಬಂದಿಳಿಯುತ್ತಿವೆ. ಜೊತೆಗೊಂದು ಪುಟ್ಟ ಕೀಲಿ, ಒಂದು ಚಿತ್ರದ ಹಾಳೆ. ಜೋಡಿಸುವ ಶ್ರಮ ಕೊಂಡವನದು. ಸ್ವೀಡನ್ ದೇಶದ ಐಕಿಯಾ ಸಂಸ್ಥೆಯವರು ೧೯೫೬ರಲ್ಲಿ ಎಲೆಯಾಕಾರದ ಮೇಜೊಂದು ಕಾರಿನೊಳಗೆ ಹಿಡಿಸದಿರಲು ಅದರ ಕಾಲುಗಳನ್ನು ಕಳಚಿದರಂತೆ. ಆ ಸಂಸ್ಥೆಯಲ್ಲಿ ಈ ಪದ್ಧತಿಗೆ ದಾರಿಯಾದದ್ದು ಅಲ್ಲಿಂದ. ಜೋಡಣೆ ನಮ್ಮ ಸೀಮೆಗೆ ಹೊಸದಲ್ಲ. ಏಕಶಿಲೆಯೆಂದು ಪ್ರವಾಸಿಗರು ಬೆರಗಾಗುವ ಹಂಪೆಯ ಕಲ್ಲಿನ ರಥವೂ ಹಲವು ಕಲ್ಲುಗಳ ಜೋಡಣೆಯೇ. ಆದರೆ ಕಲ್ಲು ಮಳೆಗೆ ಉಬ್ಬುವುದಿಲ್ಲ.

ನಮ್ಮ ಮನೆತನದಲ್ಲಿ ಪದವಿ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ನನ್ನ ಓದಿಗೆಂದು ಅವ್ವ ಸಂಘದಲ್ಲಿ ಸಾಲವೆತ್ತಿ ಕೊಡಿಸಿದ ಮೇಜಿನ ಎಡಹಲಗೆ, ಕಳೆದ ಮಳೆಗಾಲದಲ್ಲಿ ಓಣಿಯ ನೀರು ಹೊಸ್ತಿಲು ದಾಟಿ ಒಂದು ರಾತ್ರಿ ನಿಂತುದರಿಂದ, ಬುಡದಲ್ಲಿ ನೆನೆದ ರೊಟ್ಟಿಯಂತಾಯಿತು. ಸಾಲದ ಕಂತುಗಳು ಇನ್ನೂ ಏಳು ಉಳಿದಿದ್ದವು. ಪರೀಕ್ಷೆಗೆ ಒಂದು ತಿಂಗಳಿತ್ತು. ಓಣಿಯ ಬಡಿಗೇರ ಕಾಕಾ ಅದನ್ನು ಉಗುರಿನಿಂದ ಕೆರೆದು, “ಇದು ಕಟ್ಟಿಗಿ ಅಲ್ಲೋ ತಮ್ಮಾ, ಅಂಟಿನ್ಯಾಗ ಕಲಸಿದ ಹೊಟ್ಟು. ಕಟ್ಟಿಗಿ ಮದ್ದು ಇದಕ್ಕ ಹತ್ತಂಗಿಲ್ಲ” ಎಂದರು. ಆ ಮಾತಿನ ಅರ್ಥವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇಂತಹ ಹಲಗೆಗೆ ಪಾರ್ಟಿಕಲ್ ಬೋರ್ಡ್ ಎಂದು ಹೆಸರು. ಮರದ ಚಕ್ಕೆ, ಹೊಟ್ಟುಗಳಿಗೆ ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ಅಂಟನ್ನು ಬೆರೆಸಿ, ಕಾಯಿಸಿ, ಒತ್ತಿ ಇದನ್ನು ಮಾಡುತ್ತಾರೆ. (ಕಬ್ಬಿನ ಸಿಪ್ಪೆಯಿಂದಲೂ ಮಾಡಬಹುದು, ನಮ್ಮೂರಿನ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಈ ಸಂಗತಿ ನಮಗೆ ಹೊಳೆಯಲಿಲ್ಲ!) ನೀರು ತಗುಲಿದರೆ ಒತ್ತಿಟ್ಟ ಚಕ್ಕೆಗಳು ಹಿಗ್ಗುತ್ತವೆ, ನಡುವಿನ ಅಂಟು ಬಿಡುತ್ತದೆ. ಮತ್ತೆ ಒಣಗಿದರೂ ಹಲಗೆ ಮೊದಲಿನ ದಪ್ಪಕ್ಕೆ ಇಳಿಯುವುದಿಲ್ಲ, ಮೊದಲಿನ ಬಲವೂ ಬರುವುದಿಲ್ಲ. ಆದುದರಿಂದ ಉಬ್ಬಿದ ಭಾಗಕ್ಕೆ ಅಂಟು ಮೆತ್ತಿ ಬಿಗಿಯುವುದು ವ್ಯರ್ಥ. ಅದನ್ನು ಕೊಯ್ದು ತೆಗೆದು, ಆ ಜಾಗಕ್ಕೆ ಭಾರ ಹೊರಬಲ್ಲ ಬೇರೊಂದು ವಸ್ತುವನ್ನು ತರಬೇಕು.

ನಾವು ಆರಿಸಿದ್ದು ಜಾಲಿಯ ತುಂಡು. ಗಾಡಿಯ ಗಾಲಿಗೆ ಬಳಸುತ್ತಿದ್ದ ಗಟ್ಟಿ ಮರ. ಮೊದಲೇ ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಸೀಳುತ್ತದೆ. ಹಲಗೆಯನ್ನು ನೆರಳಿನಲ್ಲಿ ಎಂಟು ದಿನ ನಿಲ್ಲಿಸಿ ಒಣಗಿಸಿ, ಎರಡೂ ಪಕ್ಕಗಳನ್ನು ಮೂರು ಅಂಗುಲ ಸಮನಾಗಿ ಕೊಯ್ದು, ಅಷ್ಟೇ ಎತ್ತರದ ಜಾಲಿಯ ಪಾದ ಕೊಟ್ಟೆವು. ಪಾದವನ್ನು ಹಿಡಿಸುವುದೆಂತು? ಹೊಟ್ಟಿನ ಹಲಗೆಯ ಅಂಚಿಗೆ ಬಡಿದ ಸ್ಕ್ರೂ ನಿಲ್ಲುವುದು ಕಷ್ಟ, ಅಂಚು ಸಿಡಿಯುತ್ತದೆ. ಆದಕಾರಣ ೧೨ ಮಿ.ಮೀ. ಪ್ಲೈವುಡ್ಡಿನ ಪಟ್ಟಿಯನ್ನು ಒಳಮಗ್ಗುಲಲ್ಲಿ ಹಲಗೆಗೂ ಪಾದಕ್ಕೂ ಸೇರುವಂತೆ ಇಟ್ಟು, ೧೮ ಮಿ.ಮೀ. ಹಲಗೆಯ ಮುಖಕ್ಕೆ ೨೫ ಮಿ.ಮೀ. ಸ್ಕ್ರೂಗಳನ್ನು ಹಾಕಿದೆವು. ನೆಲ ಒರೆಸುವ ನೀರು ಈಗ ತಾಗುವುದು ಜಾಲಿಗೆ. ಪ್ಲೈವುಡ್ಡು ಕೊಳ್ಳುವಾಗ ಅಗ್ಗದ್ದು ಸಾಕೇ ಎಂಬ ಪ್ರಶ್ನೆ ಬರುತ್ತದೆ. ಒಣ ಕೋಣೆಗೆ ಸಾಕು. ನೀರು ನುಗ್ಗುವ ಮನೆಗೆ ಐ.ಎಸ್. ೭೧೦ ಎಂಬ ಗುರುತಿನ ಮರೈನ್ ಪ್ಲೈವುಡ್ಡೇ ಲೇಸು. ಒಂದು ಇಡೀ ಹಾಳೆ ಕೊಳ್ಳುವುದು ನಮ್ಮಂತಹವರಿಗೆ ಆಗದ ಮಾತು, ಆದರೆ ಬಡಿಗರ ಅಂಗಡಿಯಲ್ಲಿ ಉಳಿದ ತುಂಡುಗಳು ಸಿಕ್ಕುತ್ತವೆ.

ಅಂಟುಗಳ ವಿಷಯದಲ್ಲಿ ನಮ್ಮ ಜನರಿಗೆ ೧೯೫೯ರಲ್ಲಿ ಬಂದ ಫೆವಿಕಾಲ್ ಒಂದೇ ದೇವರು. ಆ ಬಿಳಿ ಅಂಟು ಒರಟು ಮರದ ರಂಧ್ರಗಳನ್ನು ಹೊಕ್ಕು ಹಿಡಿಯುತ್ತದೆ. ನುಣುಪಾದ ಮೈಕಾದ ಮೇಲೆ ಅದಕ್ಕೆ ಹಿಡಿತವಿಲ್ಲ. ಅಂಚಿನ ಪಟ್ಟಿ ಎದ್ದರೆ ರಬ್ಬರಿನ ಅಂಟನ್ನು ಎರಡೂ ಮೈಗೆ ಸವರಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಎರಡು ಬಣ್ಣದ ಉಂಡೆಗಳನ್ನು ನಾದಿ ಹಚ್ಚುವ ಎಂ-ಸೀಲ್ ಮುರಿದ ಮೂಲೆ ತುಂಬಲು ಒಳ್ಳೆಯದೇ, ಭಾರ ಹೊರಲು ಅಲ್ಲ. ಸ್ಕ್ರೂ ಕಿತ್ತುಬಂದ ತೂತಿಗೆ ಬೆಂಕಿಕಡ್ಡಿ ತುರುಕುವ ಪದ್ಧತಿ ಮರಕ್ಕೆ ಸರಿ. ಹೊಟ್ಟಿನ ಹಲಗೆಯಲ್ಲಿ ತೂತಿನ ಸುತ್ತಲೇ ಸಡಿಲವಾಗಿರುವುದರಿಂದ, ಅದನ್ನು ದೊಡ್ಡದಾಗಿ ಕೊರೆದು, ಗಟ್ಟಿ ಮರದ ಗೂಟವನ್ನು ಅಂಟಿನೊಡನೆ ಕೂರಿಸಿ, ಒಂದು ದಿನ ಬಿಟ್ಟು ಅದರೊಳಗೆ ಸ್ಕ್ರೂ ಹಾಕಬೇಕು.

ಕಪಾಟಿನ ಬೆನ್ನಿನ ತೆಳುಹಾಳೆಯನ್ನು ಅನೇಕರು ಅಲಂಕಾರವೆಂದು ಬಗೆದು, ಹರಿದರೆ ಕಿತ್ತೆಸೆಯುತ್ತಾರೆ. ಕಪಾಟು ಓರೆಯಾಗಿ ವಾಲದಂತೆ ಹಿಡಿದಿರುವುದು ಅದೇ. ೪ ಮಿ.ಮೀ. ಪ್ಲೈವುಡ್ಡಿನಿಂದ ಬದಲಿಸುವಾಗ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರದಿಂದ ಅಳೆದು ಸಮನಾಗಿಸಬೇಕು, ಆಮೇಲೆ ಬಿಗಿಯಬೇಕು.

ಮೇಲುಹಲಗೆ ನಡುವಿನಲ್ಲೇ ಉಬ್ಬಿದ್ದರೆ ಮಾತ್ರ ಯಾವ ಸಾಮಗ್ರಿಯೂ ಬೇಡ; ಕೀಲು, ಸ್ಕ್ರೂಗಳನ್ನು ಬಿಚ್ಚಿಟ್ಟುಕೊಂಡು ಹಲಗೆಯನ್ನೇ ಬದಲಿಸುವುದು ಅಗ್ಗ. ಕೊಯ್ಯುವುದು, ಉಜ್ಜುವುದು ಅಂಗಳದಲ್ಲಿ, ಮೂಗಿಗೆ ಮುಸುಕು ಹಾಕಿಕೊಂಡು ನಡೆಯಲಿ. ಫಾರ್ಮಾಲ್ಡಿಹೈಡನ್ನು ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ವರ್ಗೀಕರಿಸಿದೆ. ಉಳಿದ ಚೂರುಗಳನ್ನು ಸೌದೆಯೆಂದು ನೀರೊಲೆಗೆ ಒಡ್ಡುವ ರೂಢಿ ನಮ್ಮ ಓಣಿಯಲ್ಲಿದೆ. ಆ ಹೊಗೆ ಒಲೆಯ ಮುಂದೆ ಕುಳಿತವರ ಎದೆಗೇ ಹೋಗುತ್ತದೆ.