ಎಸ್.ಎಸ್.ಡಿ.ಯ ಬಾಳಿಕೆಯೂ ಪ್ರತಿಗಳ ಅಗತ್ಯವೂ

ಕಂಪ್ಯೂಟರನ್ನು ಮುಟ್ಟದೆ ಪದವಿ ವ್ಯಾಸಂಗವನ್ನು ಮುಗಿಸುವ ವಿದ್ಯಾರ್ಥಿ ಇಂದು ವಿರಳ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರೂ ಒಂದು ಪೆನ್‌ಡ್ರೈವನ್ನಾದರೂ ಜೇಬಿನಲ್ಲಿಟ್ಟುಕೊಂಡಿರುವರು. ಪ್ರಬಂಧಗಳು, ಯೋಜನಾ ವರದಿಗಳು, ಟಿಪ್ಪಣಿಗಳು, ಪ್ರವಾಸದ ಛಾಯಾಚಿತ್ರಗಳು ಎಲ್ಲವೂ ಅದರಲ್ಲಿಯೇ ಸೇರಿರುತ್ತವೆ. ಆದರೆ ಅಲ್ಲಿ ಇಟ್ಟದ್ದು ಯಾವ ರೂಪದಲ್ಲಿ ಇರುತ್ತದೆ, ಎಷ್ಟು ಕಾಲ ಇರುತ್ತದೆ, ಹೋಗುವುದಾದರೆ ಹೇಗೆ ಹೋಗುತ್ತದೆ ಎಂಬುದನ್ನು ವಿಚಾರಿಸುವವರು ಕಡಮೆ. ಇದು ವಿಜ್ಞಾನದ ವಿದ್ಯಾರ್ಥಿಗಳಿಗೆ ಬಿಟ್ಟ ವಿಷಯವೆಂದು ಕೆಲವರು ಹೇಳಬಹುದು. ಹಾಳಾಗುವ ಬರೆಹವು ಕಲಾವಿಭಾಗದವರದೂ ಆಗಿರುವುದರಿಂದ ನಾವೂ ಇದನ್ನು ಕೊಂಚ ತಿಳಿದಿರುವುದು ಅನುಚಿತವಲ್ಲವೆಂದು ನನ್ನ ಭಾವನೆ.

ಮೊದಲು ಹಳೆಯ ವಿಧಾನವನ್ನು ನೋಡೋಣ. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ರಾಮಾಕ್ ಎಂಬ ಯಂತ್ರದೊಡನೆ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದುದು ಸುಮಾರು 5 ಮೆಗಾಬೈಟ್, ಎಂದರೆ ಈಗಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಸಾಲುವಷ್ಟು ಮಾತ್ರ. ಗಾತ್ರ ಕುಗ್ಗಿ ಸಾಮರ್ಥ್ಯ ಹೆಚ್ಚಿದರೂ ಹಾರ್ಡ್ ಡಿಸ್ಕಿನ ತತ್ತ್ವ ಬದಲಾಗಲಿಲ್ಲ. ಕಾಂತಗುಣವುಳ್ಳ ಲೇಪನದ ತಟ್ಟೆಯು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಕೂದಲೆಳೆಗಿಂತಲೂ ಕಡಮೆ ಅಂತರದಲ್ಲಿ ಒಂದು ಸೂಕ್ಷ್ಮವಾದ ಮುಳ್ಳು ಸುಳಿದಾಡುತ್ತ ಬರೆಯುತ್ತದೆ, ಓದುತ್ತದೆ. ಚಲಿಸುವ ಭಾಗಗಳಿರುವುದರಿಂದ ಅದು ಸವೆಯುತ್ತದೆ, ಬಿದ್ದರೆ ಕೆಡುತ್ತದೆ. ಆದರೆ ಅನೇಕ ವೇಳೆ ಕೆಡುವ ಮುಂಚೆ ಕಟಕಟ ಸದ್ದು ಮಾಡುತ್ತದೆ, ನಿಧಾನವಾಗುತ್ತದೆ. ಎಚ್ಚರವುಳ್ಳವನು ಅಷ್ಟರಲ್ಲಿ ತನ್ನ ಕಡತಗಳನ್ನು ಬೇರೆಡೆಗೆ ಸಾಗಿಸಿಕೊಳ್ಳಬಹುದು.

ಎಸ್.ಎಸ್.ಡಿ.ಯಲ್ಲಿ ತಿರುಗುವುದು ಏನೂ ಇಲ್ಲ. ಅದು ಕೇವಲ ಸಿಲಿಕಾನ್ ಬಿಲ್ಲೆಗಳ ಸಮೂಹ. ಪೆನ್‌ಡ್ರೈವು, ಮೊಬೈಲಿನ ಮೆಮೊರಿ ಕಾರ್ಡು ಇವೂ ಅದೇ ಕುಲಕ್ಕೆ ಸೇರಿದವು. ಕಟ್ಟುವಿಕೆಯಲ್ಲಿ ಮಾತ್ರ ಅಗ್ಗದವು. ಇವುಗಳ ಮೂಲದಲ್ಲಿರುವ ಯುಕ್ತಿಯನ್ನು 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಜೆ ಎಂಬವರು ತೋರಿಸಿಕೊಟ್ಟರು. ಅದನ್ನು ಬೆಳೆಸಿ ಫ್ಲ್ಯಾಶ್ ಸ್ಮೃತಿಯಾಗಿ ರೂಪಿಸಿದವರು ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಸುವೊಕಾ ಅವರು, 1980ರ ದಶಕದಲ್ಲಿ. ಯುಕ್ತಿ ಇಷ್ಟು: ಸುತ್ತಲೂ ವಿದ್ಯುತ್ತನ್ನು ಬಿಡದ ಪೊರೆಯಿರುವ ಒಂದು ಪುಟ್ಟ ಕೋಣೆಯನ್ನು ಕಲ್ಪಿಸಿಕೊಳ್ಳಿ. ಅದಕ್ಕೆ ಬಾಗಿಲಿಲ್ಲ. ಹೆಚ್ಚಿನ ಒತ್ತಡದ ವಿದ್ಯುತ್ತನ್ನು ಹಾಯಿಸಿ ಎಲೆಕ್ಟ್ರಾನುಗಳನ್ನು ಗೋಡೆಯ ಮೂಲಕವೇ ಒಳಕ್ಕೆ ತಳ್ಳುತ್ತಾರೆ. ಒತ್ತಡ ನಿಂತ ಮೇಲೆ ಅವು ಅಲ್ಲಿಯೇ ಸೆರೆಯಾಗುತ್ತವೆ. ಒಳಗೆ ಎಲೆಕ್ಟ್ರಾನುಗಳು ಇವೆಯೇ ಇಲ್ಲವೇ ಎಂಬುದರಿಂದ ಸೊನ್ನೆ ಅಥವಾ ಒಂದು ಎಂಬ ಅಂಕೆಯನ್ನು ಓದುತ್ತಾರೆ. ನಮ್ಮ ಬರೆಹವೆಲ್ಲ ಕೊನೆಗೆ ಈ ಸೆರೆಯಾದ ಕಣಗಳೇ.

ಗೋಡೆಯ ಮೂಲಕ ಹಾಯಿಸುವ ಪ್ರತಿ ಸಲವೂ ಆ ಪೊರೆ ಅಷ್ಟಷ್ಟು ಜರ್ಝರಿತವಾಗುತ್ತದೆ. ಇದರ ಮೇಲೆ ತಯಾರಕರು ಜಾಗವನ್ನು ಉಳಿಸಲು ಒಂದೇ ಕೋಣೆಯಲ್ಲಿ ಹೆಚ್ಚು ಅಂಕೆಗಳನ್ನು ಇಡತೊಡಗಿದರು. ಒಂದು ಅಂಕೆಯಿಟ್ಟರೆ ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕು. ಮೂರು ಅಂಕೆಗೆ 8, ನಾಲ್ಕು ಅಂಕೆಗೆ 16 ಮಟ್ಟಗಳು ಬೇಕು. ಒಂದೇ ಸೇರಿನ ಒಳಬದಿಯಲ್ಲಿ ಹದಿನಾರು ಗೀಟುಗಳನ್ನು ಕೊರೆದು ಎಣ್ಣೆ ಅಳೆದ ಹಾಗೆ! ತೊಟ್ಟು ಸೋರಿದರೂ ಅಳತೆ ಒಂದು ಗೀಟು ಕೆಳಗಿಳಿಯುತ್ತದೆ. ಒಂದಂಕೆಯ ಕೋಣೆಯು ಲಕ್ಷದ ಸುಮಾರು ಸಲ ಅಳಿಸಿ ಬರೆಯುವುದನ್ನು ತಾಳಿಕೊಂಡರೆ, ಮೂರಂಕೆಯದು ಕೆಲವು ಸಾವಿರ ಸಲ, ನಾಲ್ಕಂಕೆಯದು ಅದಕ್ಕಿಂತಲೂ ಕಡಮೆ ಸಲ ತಾಳುತ್ತದೆ. ಇಂದು ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯುವುವು ಬಹುಮಟ್ಟಿಗೆ ಈ ಕೊನೆಯ ಎರಡು ಬಗೆಯವು.

ಹಾಗಾದರೆ ಎಸ್.ಎಸ್.ಡಿ. ಬೇಗ ಸವೆದುಹೋಗುತ್ತದೆಯೆ? ಜನಸಾಮಾನ್ಯರ ಭಯವೆಲ್ಲ ಇಲ್ಲಿಯೇ ಇದೆ. ಆದರೆ ಭಯಕ್ಕೆ ಕಾರಣ ಇಲ್ಲಿಲ್ಲ. ಎಸ್.ಎಸ್.ಡಿ.ಯೊಳಗಿನ ನಿಯಂತ್ರಕವು ಒಂದೇ ಕೋಣೆಗೆ ಪದೇಪದೇ ಬರೆಯದೆ, ಸವೆತವನ್ನು ಎಲ್ಲ ಕೋಣೆಗಳಿಗೂ ಸಮನಾಗಿ ಹಂಚುತ್ತದೆ. ತಪ್ಪಾಗಿ ಓದಿದ ಅಂಕೆಗಳನ್ನು ಗಣಿತದ ಬಲದಿಂದ ತಿದ್ದುತ್ತದೆ. ಕೆಟ್ಟ ಭಾಗದ ಬದಲು ಮೀಸಲಿಟ್ಟ ಭಾಗವನ್ನು ಬಳಸುತ್ತದೆ. 500 ಗಿಗಾಬೈಟಿನ ಒಂದು ಸಾಧಾರಣ ಎಸ್.ಎಸ್.ಡಿ.ಗೆ ಒಟ್ಟು 300 ಟೆರಾಬೈಟ್ ಬರೆಯಬಹುದೆಂದು ತಯಾರಕರು ಮಾತು ಕೊಡುವುದುಂಟು. ದಿನಕ್ಕೆ 20 ಗಿಗಾಬೈಟಿನಂತೆ ಬರೆದರೂ ವರ್ಷಕ್ಕೆ ಸುಮಾರು 7.3 ಟೆರಾಬೈಟ್ ಆಯಿತು. ಮಾತು ಮುಗಿಯಲು 41 ವರ್ಷ ಬೇಕು. ನಮ್ಮಲ್ಲಿ ದಿನಕ್ಕೆ ಅಷ್ಟು ಬರೆಯುವ ಶೂರರು ಯಾರೂ ಇರಲಾರರು.

ನಿಜವಾದ ಅಪಾಯ ಬೇರೆಯದು. 2016ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಬಿಯಾಂಕಾ ಶ್ರೋಡರ್ ಅವರು ಗೂಗಲ್ ಸಂಸ್ಥೆಯ ಇಬ್ಬರೊಡನೆ ಸೇರಿ, ಆ ಸಂಸ್ಥೆಯ ಕೇಂದ್ರಗಳಲ್ಲಿ ಆರು ವರ್ಷಗಳ ಕಾಲ ಬಳಕೆಯಾದ ಹತ್ತು ಮಾದರಿಯ ಫ್ಲ್ಯಾಶ್ ಡ್ರೈವುಗಳ ಅಧ್ಯಯನವನ್ನು ಪ್ರಕಟಿಸಿದರು. ಹಾರ್ಡ್ ಡಿಸ್ಕುಗಳಿಗಿಂತ ಇವನ್ನು ಬದಲಿಸಬೇಕಾಗಿ ಬಂದುದು ಕಡಮೆ ಎಂಬುದು ಸಂತೋಷದ ಸಂಗತಿ. ಆದರೆ ತಿದ್ದಲಾಗದ ದೋಷಗಳು ಹಾರ್ಡ್ ಡಿಸ್ಕಿಗಿಂತ ಹೆಚ್ಚು. ಮೊದಲ ನಾಲ್ಕು ವರ್ಷಗಳಲ್ಲಿ, ಮಾದರಿಗೆ ತಕ್ಕಂತೆ, ನೂರಕ್ಕೆ 20ರಿಂದ 63 ಡ್ರೈವುಗಳಲ್ಲಿ ಒಮ್ಮೆಯಾದರೂ ಅಂಥ ದೋಷ ಕಾಣಿಸಿಕೊಂಡಿತು. ಎಷ್ಟು ಬರೆದಿದ್ದೇವೆ ಎಂಬುದಲ್ಲದೆ, ಡ್ರೈವಿಗೆ ಎಷ್ಟು ವಯಸ್ಸಾಗಿದೆ ಎಂಬುದೂ ಪ್ರತ್ಯೇಕವಾಗಿ ಪರಿಣಾಮ ಮಾಡುತ್ತದೆಂದು ಅವರು ಕಂಡರು. ಎಂದರೆ, ಡ್ರೈವು ಒಟ್ಟಿನಲ್ಲಿ ಬದುಕಿರುತ್ತದೆ. ಅದರೊಳಗಿನ ಒಂದು ಕಡತ ಮಾತ್ರ ಹೇಳದೆ ಕೇಳದೆ ಹೋಗಿರುತ್ತದೆ.

ಮತ್ತೊಂದು ಬಗೆ, ನಿಯಂತ್ರಕವನ್ನು ನಡೆಸುವ ಫರ್ಮ್‌ವೇರಿನ ತಪ್ಪು. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆಯು ತನ್ನ ಗ್ರಾಹಕರಿಗೆ ಒಂದು ಎಚ್ಚರಿಕೆಯನ್ನು ಕಳುಹಿಸಿತು: ತಾನು ಮಾರಿದ ಕೆಲವು ಎಸ್.ಎಸ್.ಡಿ.ಗಳು 32,768 ಗಂಟೆ, ಎಂದರೆ 3 ವರ್ಷ 270 ದಿನ 8 ಗಂಟೆ ಕೆಲಸ ಮಾಡಿದೊಡನೆ ಕೆಟ್ಟು ನಿಲ್ಲುವುವು. ಡ್ರೈವೂ ಸಿಕ್ಕದು, ಅದರೊಳಗಿನ ಮಾಹಿತಿಯೂ ಸಿಕ್ಕದು. ಕೂಡಲೇ ಹೊಸ ಫರ್ಮ್‌ವೇರನ್ನು ತುಂಬಿಕೊಳ್ಳಿರಿ. 32,768 ಎಂಬುದು ಎರಡರ ಹದಿನೈದನೆಯ ಘಾತ. ಗಂಟೆ ಎಣಿಸುವ ಪೆಟ್ಟಿಗೆ ತುಂಬಿ ಉಕ್ಕಿತೆಂದು ಊಹಿಸಲು ಗಣಿತದ ಪದವಿ ಬೇಕಿಲ್ಲ. ಒಂದೇ ದಿನ ಜೋಡಿಸಿದ ಡ್ರೈವುಗಳು ಹೆಚ್ಚುಕಡಮೆ ಒಂದೇ ಗಳಿಗೆಯಲ್ಲಿ ಸಾಯಬಹುದಾಗಿತ್ತು. ಒಂದರ ಬದಲಿಗೆ ಪಕ್ಕದಲ್ಲಿಯೇ ಮತ್ತೊಂದನ್ನು ನಂಬುವ ಏರ್ಪಾಡು ಅಲ್ಲಿ ಏನು ಪ್ರಯೋಜನ?

ಎಸ್.ಎಸ್.ಡಿ. ಸಾಮಾನ್ಯವಾಗಿ ಸದ್ದಿಲ್ಲದೆ ಸಾಯುತ್ತದೆ. ನಿನ್ನೆ ರಾತ್ರಿ ಕೆಲಸ ಮಾಡಿದ್ದು ಈ ಬೆಳಿಗ್ಗೆ ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ. ಅಳಿಸಿದ ಕಡತವನ್ನು ಹಾರ್ಡ್ ಡಿಸ್ಕಿನಿಂದ ತಜ್ಞರು ಎಷ್ಟೋ ಸಲ ಮರಳಿ ತೆಗೆಯಬಲ್ಲರು. ಎಸ್.ಎಸ್.ಡಿ.ಯಲ್ಲಿಯಾದರೋ ಟ್ರಿಮ್ ಎಂಬ ಆಜ್ಞೆಯಿದೆ. ಅಳಿಸಿದ ಕಡತದ ಜಾಗ ಇನ್ನು ಬೇಡವೆಂದು ಕಂಪ್ಯೂಟರು ಅದರ ಮೂಲಕ ತಿಳಿಸುತ್ತದೆ, ಡ್ರೈವು ತನ್ನಷ್ಟಕ್ಕೆ ತಾನೇ ಅಲ್ಲಿ ಗುಡಿಸಿಬಿಡುತ್ತದೆ. ಇನ್ನು ಕಪಾಟಿನಲ್ಲಿ ಇಟ್ಟು ಮರೆತರೆ ಸೆರೆಯಾದ ಎಲೆಕ್ಟ್ರಾನುಗಳು ಮೆಲ್ಲಮೆಲ್ಲನೆ ಸೋರುತ್ತವೆ. ಸೆಕೆ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದಂತೆ, ಬರೆಯುವ ಮಿತಿಯನ್ನೆಲ್ಲ ಮುಗಿಸಿದ ಮನೆಬಳಕೆಯ ಎಸ್.ಎಸ್.ಡಿ.ಯು ವಿದ್ಯುತ್ತಿಲ್ಲದೆ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಂಡರೆ ಸಾಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುವುದೇನೋ ನಿಜ. ಆದರೂ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ವರ್ಷಗಟ್ಟಲೆ ಇಡುವ ವಸ್ತು ಅದಲ್ಲ.

ಆದುದರಿಂದ ವಸ್ತುವನ್ನು ನಂಬದೆ ಪ್ರತಿಯನ್ನು ನಂಬಬೇಕು. ಇದು ನಮ್ಮ ನಾಡಿಗೆ ಹೊಸ ವಿಚಾರವಲ್ಲ. ಓಲೆಗರಿಯನ್ನು ಗೆದ್ದಲು ತಿನ್ನುವುದೆಂದು ನಮ್ಮ ಹಿರಿಯರಿಗೆ ತಿಳಿದಿತ್ತು. 10ನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಸಾಹಿತ್ಯ ಚರಿತ್ರೆಯಲ್ಲಿ ಓದುತ್ತೇವೆ. ಆ ಗ್ರಂಥ ಇಂದಿಗೂ ನಮಗೆ ದೊರೆಯುತ್ತದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ದೊರೆಯದು. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಇತರರು ಎತ್ತಿಕೊಂಡ ಬಿಡಿ ಪದ್ಯಗಳಾಗಿ ಮಾತ್ರ ಉಳಿದಿವೆ. ಹೋದ ಕಾವ್ಯಗಳು ಉಳಿದವುಗಳಿಗಿಂತ ಕೀಳಾಗಿದ್ದುವೆಂದು ಹೇಳಲು ನಮಗೆ ಯಾವ ಆಧಾರವೂ ಇಲ್ಲ. ಇಂದು ನಮ್ಮ ಸಹಪಾಠಿಗಳು ಜಾನಪದದ ಕ್ಷೇತ್ರಕಾರ್ಯಕ್ಕೆಂದು ಹಳ್ಳಿಗೆ ಹೋಗಿ, ಎಂಬತ್ತು ದಾಟಿದ ಅಜ್ಜಿಯರಿಂದ ಬೀಸುವ ಪದ, ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ಹಿಡಿದು ತರುತ್ತಾರೆ. ಆ ಹಾಡು ಅಂಕಗಳಿಗಾಗಿ ಬರೆದ ವರದಿಯಂತಲ್ಲ. ವರದಿಯನ್ನು ಮತ್ತೆ ಬರೆಯಬಹುದು, ಅಜ್ಜಿ ಮುಂದಿನ ವರ್ಷ ಇರುವಳೆಂದು ಯಾರು ಬಲ್ಲರು? ಹಾಡಿನ ಒಂದೇ ಒಂದು ಪ್ರತಿ ಒಂದು ಮೆಮೊರಿ ಕಾರ್ಡಿನಲ್ಲಿ ಇರುವುದು ನನಗಂತೂ ಭಯಂಕರವಾಗಿ ಕಾಣುತ್ತದೆ.

ಎಷ್ಟು ಪ್ರತಿಗಳು ಬೇಕು? ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಸುಲಭವಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಕೊನೆಯದನ್ನು ಅಲಕ್ಷ್ಯ ಮಾಡುವವರೇ ಹೆಚ್ಚು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ದೇಜಾನ್ ನಗರದ ಸರಕಾರಿ ಮಾಹಿತಿ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಸರಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ ಉಗ್ರಾಣದಲ್ಲಿದ್ದ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದಕ್ಕೆ ಹೊರಗೆ ಎಲ್ಲಿಯೂ ಪ್ರತಿ ಇರಲಿಲ್ಲ. ತಂತ್ರವಿದ್ಯೆಯಲ್ಲಿ ಅಷ್ಟು ಮುಂದುವರಿದ ದೇಶದಲ್ಲಿ ಇದು ನಡೆಯಿತು.

ಗೂಗಲ್ ಡ್ರೈವಿನಂಥ ಅಂತರ್ಜಾಲದ ಉಗ್ರಾಣಗಳು ಬೇರೆ ಕಟ್ಟಡದ ಪ್ರತಿಗೆ ಅನುಕೂಲವಾಗಿವೆ. ಆದರೆ ಕಂಪ್ಯೂಟರಿನೊಡನೆ ತಾನಾಗಿಯೇ ಹೊಂದಿಕೊಳ್ಳುವ ಏರ್ಪಾಡಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ದಿನ ಮಾತ್ರ ಉಳಿದಿರುತ್ತದೆ. ಕನ್ನಡಿಯ ಬಿಂಬವನ್ನು ಪ್ರತಿಯೆಂದು ಎಣಿಸಬಾರದು. ತಿಂಗಳಿಗೊಮ್ಮೆ ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಿ, ಕೇಬಲನ್ನು ಕಿತ್ತು, ಬೇರೆ ಮನೆಯಲ್ಲಿಡುವುದು ಹಳೆಯ ಕ್ರಮವಾದರೂ ಒಳ್ಳೆಯ ಕ್ರಮ. ಸ್ನೇಹಿತರು ನಾಲ್ಕೈದು ಜನ ಸೇರಿ ಒಂದನ್ನು ಕೊಂಡರೆ ಖರ್ಚೂ ಹಗುರ.

ಪ್ರತಿ ಮಾಡಿದ್ದೇವೆಂದು ನೆಮ್ಮದಿಯಿಂದಿರುವುದು ಬೇರೆ, ಪ್ರತಿ ಇರುವುದು ಬೇರೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಲನಚಿತ್ರ ತಯಾರಾಗುತ್ತಿದ್ದಾಗ ತಪ್ಪು ಆಜ್ಞೆಯೊಂದರಿಂದ ಅದರ ಬಹುಭಾಗ ಅಳಿಸಿಹೋಯಿತು. ಬ್ಯಾಕಪ್ ತೆರೆದು ನೋಡಿದರೆ ಅದೂ ಸರಿಯಿರಲಿಲ್ಲ. ಮಗುವಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೇಲಿನ್ ಸುಸ್ಮನ್ ಎಂಬ ಮಹಿಳೆಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಚಿತ್ರ ಉಳಿಯಿತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿಯೂ ಇಂಥದೇ ಅಚಾತುರ್ಯವಾದಾಗ, ಇದ್ದ ಐದು ಏರ್ಪಾಡುಗಳಲ್ಲಿ ಯಾವುದೂ ನೆಚ್ಚುವಂತಿರಲಿಲ್ಲ. ಆರು ಗಂಟೆ ಹಿಂದಿನದೊಂದು ಪ್ರತಿ ಅಕಸ್ಮಾತ್ತಾಗಿ ಸಿಕ್ಕಿತು.

ಪ್ರತಿಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಸೆಮಿಸ್ಟರಿಗೊಮ್ಮೆ ಅದರಿಂದ ಹತ್ತಾರು ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಹಾಗೆ ತೆರೆದಾಗ ಕನ್ನಡದವರಿಗೆ ಒದಗುವ ಇನ್ನೊಂದು ತೊಡಕುಂಟು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತವು, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಡ್ರೈವು ಕೆಟ್ಟಿಲ್ಲ, ಕಡತವೂ ಇದೆ, ಓದಲು ಮಾತ್ರ ಬಾರದು. ಅಂಥವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ಓದಿ ನೋಡಿ, ಜೊತೆಗೆ ಒಂದು ಪಿ.ಡಿ.ಎಫ್. ಮಾಡಿ ಮೂಲದ ಪಕ್ಕದಲ್ಲಿಯೇ ಇಡಬೇಕು.