ಕಾಫಿ ಕ್ರೀಮರ್ ಮನೆಯಲ್ಲೇ ಮಾಡಿ, ಬೆಲ್ಲ ಮಾತ್ರ ಬೇಡ

‘ಕ್ರೀಮರ್ ಮಾಡಲು ಹೋದೆ, ಹಾಲು ಒಡೆದುಹೋಯಿತು’ ಎನ್ನುವವರನ್ನು ವಿಚಾರಿಸಿದರೆ ಹೆಚ್ಚಿನ ಕಡೆ ಸಿಗುವ ಕಾರಣ ಒಂದೇ: ಆರೋಗ್ಯಕ್ಕೆ ಒಳ್ಳೆಯದೆಂದು ಬೆಲ್ಲ ಹಾಕಿರುತ್ತಾರೆ. ಆ ವಿಷಯಕ್ಕೆ ಆಮೇಲೆ ಬರೋಣ.

ಕ್ರೀಮರ್ ಅಮೆರಿಕದ ಅಭ್ಯಾಸ. ಅಲ್ಲಿನ ತೆಳ್ಳನೆಯ ಕರಿ ಕಾಫಿಗೆ ಹಾಲು, ಸಿಹಿ, ಪರಿಮಳ ಮೂರೂ ಒಂದೇ ಬಾಟಲಿಯಿಂದ ಬೀಳುತ್ತವೆ. ಕಾಫಿ-ಮೇಟ್ ಪುಡಿ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಇಂಥ ಪುಡಿಗಳಲ್ಲಿ ಮುಖ್ಯವಾಗಿ ಇರುವುದು ಗ್ಲೂಕೋಸ್ ಸಿರಪ್ ಮತ್ತು ಎಣ್ಣೆ. ‘ನಾನ್-ಡೈರಿ’ ಎಂದು ಬರೆದಿದ್ದರೂ ಹಲವದರಲ್ಲಿ ಸೋಡಿಯಂ ಕ್ಯಾಸಿನೇಟ್ ಇರುತ್ತದೆ. ಅದು ಹಾಲಿನದೇ ಪ್ರೋಟೀನ್, ಹಾಲಿನ ಅಲರ್ಜಿ ಇರುವವರು ಲೇಬಲ್ ಓದದೆ ಕೊಳ್ಳಬಾರದು. ಗಟ್ಟಿ ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸಿ ಕುಡಿಯುವ ಮನೆಗೆ ಕ್ರೀಮರ್ ಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಹಾಲು ಕಾಯಿಸಲೂ ಪುರುಸೊತ್ತಿಲ್ಲದೆ ಇನ್‌ಸ್ಟಂಟ್ ಕಾಫಿ ಕಲಸಿಕೊಳ್ಳುವವರಿಗೆ ಅನುಕೂಲ.

ಬೇಕಾದದ್ದು ಕಾಲು ಲೀಟರ್ ಹಾಲು, 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ನಾಲ್ಕು ಏಲಕ್ಕಿ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3 ಮಾತ್ರ, ಕ್ರೀಮರ್ ತೆಳುವಾಗುತ್ತದೆ. ಗಟ್ಟಿ ಹಾಲೇ ಇರಲಿ.

ಹಾಲು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಜಜ್ಜಿದ ಏಲಕ್ಕಿಯನ್ನು ಸಿಪ್ಪೆ ಸಮೇತ ಹಾಕಿ. ಐದು ನಿಮಿಷದ ನಂತರ ಇಳಿಸಿ, ಮುಚ್ಚಿಡಿ. ಪರಿಮಳ ಬಿಡುವುದು ಈ ಹೊತ್ತಿನಲ್ಲಿ, ಆದ್ದರಿಂದ ಕಾಲು ಗಂಟೆ ತಟ್ಟೆ ತೆಗೆಯಬೇಡಿ. ಕೆನೆ ಸಮೇತ ಸೋಸಿ, ಉಗುರುಬೆಚ್ಚಗಿರುವಾಗ ಕಂಡೆನ್ಸ್ಡ್ ಮಿಲ್ಕ್ ಸೇರಿಸಿ ಕದಡಿ. ವೆನಿಲ್ಲಾ ಎಸೆನ್ಸ್ ಬೇಕೆನಿಸಿದರೆ ಪೂರ್ತಿ ಆರಿದ ಮೇಲೆ ಅರ್ಧ ಟೀ ಚಮಚೆ. ಬಿಸಿಯಲ್ಲಿ ಹಾಕಿದರೆ ಪರಿಮಳ ಹಾರಿಹೋಗುತ್ತದೆ. ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ.

ಈಗ ಬೆಲ್ಲದ ವಿಷಯ. ಬೆಲ್ಲದಲ್ಲಿ ಹುಳಿಯ ಅಂಶ ಇದೆ. ಹಾಲು ಬಿಸಿಯಿದ್ದಷ್ಟೂ ಅದರ ಪ್ರೋಟೀನ್ ಸ್ವಲ್ಪ ಹುಳಿಗೇ ಗಂಟು ಕಟ್ಟುತ್ತದೆ. ಎಲ್ಲ ಬೆಲ್ಲವೂ ಒಂದೇ ಸಮ ಹುಳಿ ಅಲ್ಲದ ಕಾರಣ ಒಂದು ಅಚ್ಚಿನಲ್ಲಿ ಸರಿಹೋದದ್ದು ಮುಂದಿನ ಅಚ್ಚಿನಲ್ಲಿ ಕೆಡುತ್ತದೆ. ‘ಹೋದ ಸಲ ಚೆನ್ನಾಗಿ ಬಂದಿತ್ತಲ್ಲ’ ಎಂಬ ಗೊಂದಲ ಹುಟ್ಟುವುದು ಇದರಿಂದಲೇ. ಕರಗಿಸಿ, ಸೋಸಿ, ಆರಿಸಿ ತಣ್ಣನೆಯ ಹಾಲಿಗೆ ಹಾಕಿದರೆ ಸರಿಹೋಗುತ್ತದಲ್ಲ ಎಂದು ಕೇಳುತ್ತಾರೆ. ಪಾತ್ರೆಯಲ್ಲಿ ಸರಿಹೋಗಬಹುದು, ಮರುದಿನ ಲೋಟದಲ್ಲಿ ಕೈಕೊಡುತ್ತದೆ. ಕಾಫಿಯೂ ಸ್ವಲ್ಪ ಹುಳಿಯದೇ, ಮೇಲಾಗಿ ಬಿಸಿ. ಬೆಲ್ಲದ ರುಚಿ ಬೇಕೇ ಬೇಕೆಂದರೆ ಕರಿ ಕಾಫಿಗೆ ಹಾಕಿ ಹಾಗೆಯೇ ಕುಡಿಯಿರಿ, ಅದರ ಸೊಗಸೇ ಬೇರೆ. ಬಾಟಲಿಗೆ ಬೇಡ. ಹಸಿ ಶುಂಠಿ ರಸವೂ ಬೇಡ, ಅದರ ಕಿಣ್ವ ಬೆಚ್ಚಗಿನ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಒಣಶುಂಠಿ ಪುಡಿ ಚಿಟಿಕೆ ಹಾಕಬಹುದು.

ಕುದಿಯುವ ನೀರು ಸುರಿದ ಕೂಡಲೇ ಕ್ರೀಮರ್ ಹಾಕದೆ ಒಂದು ನಿಮಿಷ ತಡೆಯಿರಿ. ಒಂದು ಲೋಟಕ್ಕೆ ಎರಡು ಟೇಬಲ್ ಚಮಚೆ ಸಾಕು. ಅದರಲ್ಲೇ ಸುಮಾರು ಎರಡು ಟೀ ಚಮಚೆ ಸಕ್ಕರೆ ಇರುವುದರಿಂದ ಮತ್ತೆ ಸಕ್ಕರೆ ಹಾಕುವಂತಿಲ್ಲ. ಮಧುಮೇಹಿಗಳಿಗೆ ಇದು ಹೇಳಿದ್ದಲ್ಲ.

ಏಲಕ್ಕಿ ಬದಲು ಚಕ್ಕೆ ಹಾಕುವುದಾದರೆ ತುಂಡೇ ಹಾಕಿ, ಪುಡಿ ಲೋಳೆಯಾಗುತ್ತದೆ. ಜಾಯಿಕಾಯಿ ಒಂದೆರಡು ಸಲ ತುರಿದರೆ ಸಾಕು. ಕೋಕೋ ಪುಡಿಯನ್ನು ಮೊದಲು ಬಿಸಿ ಹಾಲಿನಲ್ಲಿ ಪೇಸ್ಟ್ ಮಾಡಿಕೊಳ್ಳಿ. ಬಳಸುವ ಮುನ್ನ ಬಾಟಲಿ ಕುಲುಕಿ, ಫ್ರಿಜ್ ಬಾಗಿಲಲ್ಲಿಡದೆ ಒಳಗಿಡಿ, ಐದು ದಿನದೊಳಗೆ ಮುಗಿಸಿ. ಕರೆಂಟ್ ಗಂಟೆಗಟ್ಟಲೆ ಹೋಗುವ ಊರಾದರೆ ಅರ್ಧ ಅಳತೆಯಲ್ಲೇ ಮಾಡಿಕೊಳ್ಳಿ.