ಕ್ವಾಂಟಮ್ ಲೋಕವನ್ನು ಲೆಕ್ಕ ಹಾಕಿ ನೋಡುವ ಬಗೆ

ಪರಮಾಣುಗಳ ಹಾಗೂ ಅವುಗಳಿಗಿಂತ ಚಿಕ್ಕ ಕಣಗಳ ನಡವಳಿಕೆಯನ್ನು ತಿಳಿಸುವ ಶಾಸ್ತ್ರಕ್ಕೆ ಕ್ವಾಂಟಮ್ ಭೌತಶಾಸ್ತ್ರವೆಂದು ಹೆಸರು. ಇದು ದೊಡ್ಡ ಪ್ರಯೋಗಾಲಯದವರ ಸೊತ್ತು, ದುಡಿದು ಉಣ್ಣುವ ನಮ್ಮಂಥವರಿಗೆ ಎಟುಕದ್ದು ಎಂಬ ಭಾವನೆ ಬಹುಜನರಲ್ಲಿದೆ. ಪ್ರಯೋಗ ನಡೆಸಲು ಪ್ರಯೋಗಾಲಯ ಬೇಕೆಂಬುದು ನಿಜ. ಆದರೆ ಕಣವು ಹೇಗೆ ವರ್ತಿಸೀತೆಂದು ನಿಯಮದಿಂದ ಲೆಕ್ಕ ಹಾಕಿ ನೋಡಲು ಸಾಧಾರಣ ಕಂಪ್ಯೂಟರೇ ಸಾಕು. ಅದಕ್ಕೆ ಬೇಕಾದ ತಂತ್ರಾಂಶವೂ ಉಚಿತವಾಗಿ ದೊರೆಯುತ್ತದೆ. ಹೀಗೆ ಲೆಕ್ಕದಲ್ಲಿಯೇ ವಸ್ತುವಿನ ನಡೆಯನ್ನು ನಡೆಸಿ ನೋಡುವುದಕ್ಕೆ ‘ಅನುಕರಣ’ವೆನ್ನುತ್ತಾರೆ. ಅದರ ಮೊದಲ ಪಾಠವನ್ನು ಇಲ್ಲಿ ಕಾಗದ ಪೆನ್ಸಿಲಿನಿಂದಲೇ ಕಲಿಯೋಣ.

ನಾಣ್ಯದ ಉದಾಹರಣೆ

ನಾಣ್ಯವನ್ನು ಚಿಮ್ಮಿದರೆ, ಮುಂಬಯಿಯ ಮಾತಿನಲ್ಲಿ ಹೇಳುವುದಾದರೆ, ಛಾಪಾ ಬೀಳುವ ಸಂಭವ ಅರ್ಧ, ಕಾಟಾ ಬೀಳುವ ಸಂಭವ ಅರ್ಧ. ಎರಡನೆಯ ಸಲ ಚಿಮ್ಮಿದರೂ ಅಷ್ಟೇ. ಈಗ ನಾಣ್ಯದಂತೆ ಎರಡೇ ಸ್ಥಿತಿಗಳುಳ್ಳ ಒಂದು ಕ್ವಾಂಟಮ್ ವಸ್ತುವನ್ನು ತೆಗೆದುಕೊಳ್ಳಿ. ಇದಕ್ಕೆ ಕ್ಯೂಬಿಟ್ ಎಂದು ಹೆಸರು. ಇದರ ಪ್ರತಿಯೊಂದು ಸ್ಥಿತಿಗೂ ‘ಪಾರ’ವೆಂಬ ಒಂದು ಸಂಖ್ಯೆ ಇರುತ್ತದೆ. ಪಾರದ ವರ್ಗವೇ ಸಂಭವ. ಛಾಪಾದ ಪಾರ 0.6, ಕಾಟಾದ ಪಾರ 0.8 ಆದರೆ ಸಂಭವಗಳು ಕ್ರಮವಾಗಿ 0.36 ಮತ್ತು 0.64; ಎರಡೂ ಕೂಡಿ 1. ಸಂಭವವು ಎಂದೂ ಸೊನ್ನೆಗಿಂತ ಕಡಮೆಯಾಗದು, ಆದರೆ ಪಾರವು ಋಣಸಂಖ್ಯೆಯೂ ಆಗಬಹುದು. ಗುಟ್ಟೆಲ್ಲ ಇರುವುದು ಇಲ್ಲಿಯೇ.

ಕ್ಯೂಬಿಟ್ಟನ್ನು ‘ಚಿಮ್ಮುವ’ ಒಂದು ಕ್ರಿಯೆಗೆ ಹ್ಯಾಡಮಾರ್ಡ್ ಗೇಟ್ ಎನ್ನುವರು. ಅದರ ನಿಯಮ ಹೀಗಿದೆ:

ಹೊಸ ಛಾಪಾ ಪಾರ = (ಹಳೆಯ ಛಾಪಾ + ಹಳೆಯ ಕಾಟಾ) × 0.707
ಹೊಸ ಕಾಟಾ ಪಾರ = (ಹಳೆಯ ಛಾಪಾ − ಹಳೆಯ ಕಾಟಾ) × 0.707

ಮೊದಲು ಛಾಪಾ 1, ಕಾಟಾ 0 ಇರಲಿ. ಒಮ್ಮೆ ಚಿಮ್ಮಿದರೆ ಎರಡು ಪಾರಗಳೂ 0.707. ಇದರ ವರ್ಗ ಸುಮಾರು 0.5, ಅಂದರೆ ನಾಣ್ಯದಂತೆಯೇ ಅರ್ಧರ್ಧ. ನಡುವೆ ನೋಡದೆ ಇನ್ನೊಮ್ಮೆ ಚಿಮ್ಮಿರಿ. ಮೊತ್ತ 1.414, ಅದನ್ನು 0.707ರಿಂದ ಗುಣಿಸಿದರೆ ಛಾಪಾ ಸುಮಾರು 1. ಶೇಷ ಸೊನ್ನೆ, ಆದ್ದರಿಂದ ಕಾಟಾ 0. ಎರಡು ಸಲ ಚಿಮ್ಮಿದ ಕ್ಯೂಬಿಟ್ ತಪ್ಪದೆ ಛಾಪಾಕ್ಕೇ ಮರಳಿತು! ಯಾವ ನಾಣ್ಯವೂ ಹೀಗೆ ಮಾಡಲಾರದು. ನೀವು ಈಗ ಮಾಡಿದ್ದೇ ಕ್ವಾಂಟಮ್ ಅನುಕರಣ.

ತಂತ್ರಾಂಶದ ಕೆಲಸ

ಇದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡುವ ಸಾಧನಗಳಲ್ಲಿ ‘ಕ್ಯೂಟಿಪ್’ ಒಂದು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬಳಸುವ ಇದನ್ನು ಜೋಹಾನ್ಸನ್, ನೇಶನ್ ಮತ್ತು ನೋರಿ ಎಂಬವರು 2012ರ ಪ್ರಬಂಧದಲ್ಲಿ ಪರಿಚಯಿಸಿದರು. ಕಾಂತಕ್ಷೇತ್ರದಲ್ಲಿ ಕಣವು ಕಾಲಕಾಲಕ್ಕೆ ಹೇಗೆ ಬದಲಾಗುವುದು, ಸುತ್ತಲಿನ ಗದ್ದಲದಿಂದ ಅದರ ಸ್ಥಿತಿ ಹೇಗೆ ಕೆಡುವುದು ಎಂಬುದನ್ನೂ ಇದು ಗಣಿಸಿ ಕೊಡುತ್ತದೆ. ಇದು ಮುಕ್ತ ತಂತ್ರಾಂಶ. ಅಂದರೆ ಒಳಗಿನ ಬರಹವನ್ನು ಯಾರೂ ತೆರೆದು ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಯಂತ್ರವು ಕೊಟ್ಟ ಉತ್ತರವನ್ನು ಮಾತ್ರ ಕಣ್ಣು ಮುಚ್ಚಿ ನಂಬಬಾರದು. ಎಲ್ಲ ಸಂಭವಗಳೂ ಕೂಡಿ 1 ಆಗದಿದ್ದರೆ ಎಲ್ಲಿಯೋ ತಪ್ಪಾಗಿದೆಯೆಂದೇ ತಿಳಿಯಬೇಕು. ಜಮಾ ಖರ್ಚು ತಾಳೆ ನೋಡುವ ಗುಮಾಸ್ತರಿಗೆ ಇದು ಹೊಸ ಪಾಠವೇನಲ್ಲ.

ಲೆಕ್ಕದ ಮಿತಿ

ಒಂದು ಕ್ಯೂಬಿಟ್ಟಿಗೆ 2 ಪಾರಗಳು, ಎರಡಕ್ಕೆ 4, ಮೂರಕ್ಕೆ 8. ಹೀಗೆ ಇಮ್ಮಡಿಸುತ್ತ ಹತ್ತಕ್ಕೆ 1024. ಪೂರ್ಣ ಶಾಸ್ತ್ರದಲ್ಲಿ ಪ್ರತಿ ಪಾರಕ್ಕೂ ಎರಡು ಸಂಖ್ಯೆ ಬೇಕಾಗುವುದರಿಂದ 2048 ಸಂಖ್ಯೆಗಳಾದವು. ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1960ರಲ್ಲಿ ಕಾರ್ಯಾರಂಭಗೊಳಿಸಿದ ‘ಟಿಫ್ರಾಕ್’ ಕಂಪ್ಯೂಟರಿನ ಸ್ಮೃತಿಯಲ್ಲಿ ಇದ್ದದ್ದು ಸರಿಯಾಗಿ 2048 ಪದಗಳಿಗೆ ಸ್ಥಳ. ಹತ್ತೇ ಕ್ಯೂಬಿಟ್ಟುಗಳಿಂದ ಅದು ತುಂಬಿಹೋಗಿ, ಲೆಕ್ಕದ ಸೂಚನೆಗಳಿಗೇ ಎಡೆಯಿರುತ್ತಿರಲಿಲ್ಲ! ಇಂದಿನ ಮನೆಯ ಕಂಪ್ಯೂಟರಿಗೆ ಇಪ್ಪತ್ತು ಕ್ಯೂಬಿಟ್ ಸುಲಭ. ಮೂವತ್ತಕ್ಕೆ ಪಾರಗಳನ್ನು ಬರೆದಿಡಲೇ 16 ಗಿಗಾಬೈಟ್ ಸ್ಮೃತಿ ಬೇಕು. ನಲವತ್ತಕ್ಕೆ ಅದರ 1024 ಪಟ್ಟು.

ಇದಕ್ಕಾಗಿಯೇ ಕ್ಯೂಬಿಟ್ಟುಗಳಿಂದಲೇ ಕಂಪ್ಯೂಟರ್ ಕಟ್ಟುವ ಯತ್ನ ನಡೆದಿದೆ. ಕೊಲಾಬಾದ ಅದೇ ಸಂಸ್ಥೆಯಲ್ಲಿ ರೂಪುಗೊಂಡ ಆರು ಕ್ಯೂಬಿಟ್ಟಿನ ಯಂತ್ರವೊಂದರ ಪರೀಕ್ಷೆ 2024ರಲ್ಲಿ ಮುಗಿಯಿತು. ಕೇಂದ್ರ ಸರಕಾರವು 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಯೋಜನೆಗೆ ಸುಮಾರು 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದೆ.

ಕಲಿಯುವ ದಾರಿ

ಹೀಗಿರುವಾಗ ಕ್ವಾಂಟಮ್ ಎಂಬ ಹೆಸರಿನಿಂದ ದುಬಾರಿ ತರಗತಿಗಳೂ ಹುಟ್ಟಿಕೊಳ್ಳುವುದು ಸಹಜ. ತಿಂಗಳ ಸಂಬಳದಲ್ಲಿ ಊರಿಗೆ ಹಣ ಕಳುಹಿಸಿ ಉಳಿದುದರಲ್ಲಿ ಜೀವಿಸುವವರು ಅಲ್ಲಿ ಶುಲ್ಕ ಕಟ್ಟುವ ಮುನ್ನ ಉಚಿತವಾಗಿ ದೊರೆಯುವುದನ್ನು ಮೊದಲು ನೋಡುವುದು ಲೇಸು. ಪವಾಯಿಯ ಐ.ಐ.ಟಿ.ಯಿಂದ ನಡೆಯುವ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ಮುಕ್ತ ತಂತ್ರಾಂಶಗಳ ಪಾಠಗಳನ್ನು ಶುಲ್ಕವಿಲ್ಲದೆ ಕೊಡುತ್ತದೆ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ. ಮೊದಲು ಪೈಥಾನ್, ಬಳಿಕ ಪಿ.ಯು.ಸಿ. ಮಟ್ಟದ ಮ್ಯಾಟ್ರಿಕ್ಸ್ ಗಣಿತ, ಅನಂತರ ಕ್ಯೂಟಿಪ್. ಈ ಕ್ರಮವನ್ನು ಹಿಡಿದರೆ ಎಡವುವ ಭಯವಿಲ್ಲ.

ಇದರಿಂದ ನಾಳೆಯೇ ಉದ್ಯೋಗ ದೊರೆಯುವುದೆಂದು ಹೇಳಲಾಗದು. ಆದರೆ ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ಕನ್ನಡಿಗರು ಈ ನಗರದಲ್ಲಿ ಅನೇಕರಿದ್ದಾರೆ. ಅವರಿಗೆ ಪುಸ್ತಕವೇ ದುರ್ಲಭವಾಗಿತ್ತು. ನಮಗೆ ಪುಸ್ತಕವೂ ಸಾಧನವೂ ಬಿಟ್ಟಿಯಾಗಿಯೇ ಇವೆ. ವಾಚಕರು ಮೇಲಿನ ಲೆಕ್ಕವನ್ನು ಕಾಟಾದಿಂದ ಆರಂಭಿಸಿ, ಅಂದರೆ ಛಾಪಾ 0, ಕಾಟಾ 1 ಎಂದು ಇಟ್ಟುಕೊಂಡು, ಎರಡು ಸಲ ತಾವೇ ಚಿಮ್ಮಿ ನೋಡಲಿ. ಉತ್ತರ ಕಾಟಾ 1 ಎಂದು ಬಂದರೆ ಮೊದಲ ಪಾಠ ಕೈವಶವಾಯಿತೆಂದೇ ತಿಳಿಯಬಹುದು.